ನೂರು ರಾತಲಿನ ರೈಟರು

ನಾನು ಆ ಕಾಲದಲ್ಲಿ ಎಷ್ಟು ಸಣಕಲಾಗಿದ್ದೆನೆಂದರೆ, ಮಳೆಯಲ್ಲಿ ಕೊಡೆ ಹಿಡಿದು ಮಾದಾಪುರದ ಸಂತೆಗೆ ಹೊರಟರೆ ಜನ ದಾರಿ ಬಿಟ್ಟು ನಿಂತು, "ನೋಡ್ರೋ, ಯಾರದೋ ಕೊಡೆ ಒಂದೇ ನಡ್ಕೊಂಡು ಹೋಗ್ತಾ ಇದೆ" ಎನ್ನುತ್ತಿದ್ದರು. ಕಾಫಿ ಗಿಡದ ಹಿಂದೆ ಯಾರು ಬೇಕಾದರೂ ಬಚ್ಚಿಟ್ಟುಕೊಳ್ಳಬಹುದು. ನಾನು ಗಿಡಕ್ಕೆ ಆಸರೆ ಕೊಟ್ಟ ಗೂಟದ ಹಿಂದೆ ಬಚ್ಚಿಟ್ಟುಕೊಳ್ಳಬಲ್ಲವನಾಗಿದ್ದೆ. ಜಿಗಣೆಗಳು ನನ್ನ ಕಾಲಿಗೆ ಹತ್ತಿ, ಮೊಣಕಾಲಿನವರೆಗೆ ಹುಡುಕಿ, ಏನೂ ಸಿಗದೆ ಬೈದುಕೊಂಡು ಇಳಿದು ಹೋಗುತ್ತಿದ್ದವು.

ನಗುವವರು ನಗಲಿ. ಸಣಕಲಾಗಿರುವುದು ಎಂಥ ಸುಸ್ತಿನ ಕೆಲಸ ಎನ್ನುವುದು ಸಣಕಲರಿಗೇ ಗೊತ್ತು. ಕೂತರೆ ಬೆಂಚು ಒತ್ತುತ್ತದೆ, ಮಲಗಿದರೆ ಚಾಪೆ ಒತ್ತುತ್ತದೆ, ನಿಂತರೆ ಗಾಳಿ ಒತ್ತುತ್ತದೆ. ಸಾಲದ್ದಕ್ಕೆ ಎದುರು ಸಿಕ್ಕವರೆಲ್ಲ ನಿಲ್ಲಿಸಿ, "ಯಾಕ್ರೀ ಹಿಂಗಾಗಿದೀರ?" ಎಂದು ಕೇಳುತ್ತಾರೆ. ಆಗಿದ್ದಲ್ಲ ಸ್ವಾಮಿ, ಹುಟ್ಟಿದ್ದೇ ಹಾಗೆ. ನಮ್ಮಪ್ಪನೂ ಹಾಗೇ ಇದ್ದ. ಅವನು ಸತ್ತಾಗ ಹೊತ್ತ ನಾಲ್ವರೂ ಚಟ್ಟ ಖಾಲಿ ಇದೆಯೇನೋ ಎಂದು ದಾರಿಯಲ್ಲಿ ಇಳಿಸಿ ನೋಡಿದರಂತೆ.

ಮಾದಾಪುರದ ಮೇಲಿನ ಕಲ್ಲುಹೊಳೆ ಎಸ್ಟೇಟಿನಲ್ಲಿ ನಾನು ರೈಟರ್ ಆಗಿದ್ದೆ. ಬೊಳ್ಳಪ್ಪ ರೈಟರ್ ಎಂದರೆ ಇತ್ತ ಸೋಮವಾರಪೇಟೆಯಿಂದ ಅತ್ತ ಶ್ರೀಮಂಗಲದವರೆಗೆ ಗೊತ್ತಿಲ್ಲದ ಕಾಗೆ ಇರಲಿಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಬರೆದು, ಇಡೀ ದಿನ ಗುಡ್ಡದ ಮೇಲೆ ಅವರ ಹಿಂದೆ ನಿಂತು, ಸಂಜೆ ಇಳಿದು ಬರುವುದು ಕೆಲಸ. ಹೇಳುವುದಕ್ಕೆ ಇಷ್ಟೇ, ನಿಂತು ನೋಡಿದರೆ ಗೊತ್ತಾಗುತ್ತದೆ.

ಆ ವರ್ಷ ಬೇಸಿಗೆಯ ಕೊನೆಗೆ ನನಗೆ ಚಳಿಜ್ವರ ಬಂತು. ಮೊದಲೇ ಇಲ್ಲದ ಮಾಂಸವನ್ನು ಅದು ಎಲ್ಲಿಂದ ಹುಡುಕಿ ತಿಂದಿತೋ ಕಾಣೆ. ಜ್ವರ ಬಿಟ್ಟ ಮೇಲೆ ನನ್ನ ಉಡುದಾರ ಸೊಂಟದಿಂದ ಜಾರಿ ಪಾದದ ಬಳಿ ಬಿದ್ದಿತ್ತು. ಅದೇ ಹೊತ್ತಿಗೆ ಸಿಲೋನಿನಿಂದ ಎಸ್ಟೇಟಿಗೆ ಹೊಸ ಬಿಳಿ ದೊರೆ ಬಂದಿದ್ದರು. ಅಲ್ಲಿ ಜ್ವರಕ್ಕೆ ಜನ ಸಾಲುಸಾಲಾಗಿ ಸತ್ತದ್ದನ್ನು ನೋಡಿ ಹೆದರಿದ್ದ ಅವರು, ಬಲವಿಲ್ಲದ ಯಾರನ್ನೂ ಮುಂದಿನ ಜ್ವರದ ಕಾಲಕ್ಕೆ ಎಸ್ಟೇಟಿನಲ್ಲಿ ಇಟ್ಟುಕೊಳ್ಳಕೂಡದೆಂದು ನಿಶ್ಚಯಿಸಿಬಿಟ್ಟರು. ಎಲ್ಲರನ್ನೂ ಪರೀಕ್ಷೆ ಮಾಡಲು ಒಬ್ಬ ಡಾಕ್ಟರನ್ನು ಗೊತ್ತುಮಾಡಿದರು. ಆ ಡಾಕ್ಟರೂ ಹೊಸಬರೇ, ಮದರಾಸಿನವರು. ಪುಸ್ತಕ ಓದಿ ಕನ್ನಡ ಕಲಿತವರು.

ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ, ಪಿಕ್ಕಿಂಗ್ ಕಾಲದಲ್ಲಿ ಕಿತ್ತ ಹಣ್ಣು ತೂಗುವ ದೊಡ್ಡ ತಕ್ಕಡಿಯಲ್ಲಿ ನಮ್ಮನ್ನು ತೂಗಿದರು. ಒಂದು ತಟ್ಟೆಯಲ್ಲಿ ಮನುಷ್ಯ, ಇನ್ನೊಂದರಲ್ಲಿ ಕಬ್ಬಿಣದ ಕಲ್ಲು. ತೂಗುವವನು ಮಲ್ಲ. ಅವನ ನಾಲಿಗೆ ತಕ್ಕಡಿಯ ಮುಳ್ಳಿಗಿಂತ ಚೂಪು.

"ರೈಟ್ರಯ್ಯ, ಹತ್ತಿ ಮತ್ತೆ" ಎಂದ.

"ಹತ್ತಿದ್ದೀನಿ ಕಣೋ!"

"ಓ, ಹತ್ತಿದ್ದೀರಾ? ತಟ್ಟೆ ಹೇಳ್ಳೇ ಇಲ್ವಲ್ಲ. ಹೋದ ಪಿಕ್ಕಿಂಗ್‌ನಲ್ಲಿ ಕೂಲಿ ಮುದ್ದಿ ಒಬ್ಬಳೇ ತಂದ ಹಣ್ಣು ಇದಕ್ಕಿಂತ ಭಾರ ಇತ್ತು."

ಎಂಬತ್ತೈದು ರಾತಲು. ಗಂಡಸಿಗೆ ನೂರು ರಾತಲಾದರೂ ಇರಬೇಕು ಎಂದರು ಡಾಕ್ಟರು. ಇಲ್ಲದಿದ್ದರೆ ಅನ್‌ಫಿಟ್.

"ಜ್ವರ ಬಹಳ ತೀವ್ರವಾಗಿತ್ತೇ?" ಎಂದು ಕೇಳಿದರು.

"ತೀವ್ರ ಅಂದ್ರೇನು ಸ್ವಾಮಿ! ನಾನು ನಡುಗಿದ ರಭಸಕ್ಕೆ ಲೈನ್ ಮನೆಯ ಹೆಂಚೆಲ್ಲ ಉದುರಿದವು. ನನ್ನ ಹಣೆ ಮೇಲೆ ಹೆಂಡತಿ ರೊಟ್ಟಿ ಸುಟ್ಟಳು."

"ದಿನಕ್ಕೆ ಏನು ಭುಜಿಸುತ್ತೀರಿ?"

"ಹೊತ್ತಿಗೆ ನಲವತ್ತು ರೊಟ್ಟಿ. ಒಂದು ಹಂಡೆ ಸಾರು."

ಡಾಕ್ಟರು ಕನ್ನಡಕದ ಮೇಲಿನಿಂದ ನನ್ನನ್ನು ಬಹಳ ಹೊತ್ತು ನೋಡಿದರು. "ಬೊಳ್ಳಪ್ಪನವರೇ, ತಾವು ಸತ್ಯ ನುಡಿಯುವ ದಿನ ನನಗೆ ಹೇಳಿ ಕಳುಹಿಸಿರಿ. ಮದರಾಸಿನಲ್ಲಿದ್ದರೂ ಬರುತ್ತೇನೆ" ಎಂದರು. ಮೂರು ತಿಂಗಳ ಮೇಲೆ, ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಮತ್ತೆ ಬರುವುದಾಗಿಯೂ, ಅಷ್ಟರಲ್ಲಿ ನೂರು ತುಂಬದಿದ್ದರೆ ದೊರೆಗೆ ಹೇಳಿಬಿಡುವುದಾಗಿಯೂ ತಿಳಿಸಿ ಹೋದರು.

ರೈಟರ್ ಕೆಲಸ ಹೋದರೆ ಮನೆಯೂ ಹೋದಂತೆ. ಆಳುಗಳ ಸಾಲುಮನೆಗಳ ಲೈನಿನ ತುದಿಯಲ್ಲಿದ್ದ ಆ ಎರಡು ಕೋಣೆ ಕೆಲಸದ ಬಾಲಕ್ಕೆ ಕಟ್ಟಿದ್ದ ಮನೆ. ಇದನ್ನು ನನ್ನ ಹೆಂಡತಿ ಹೊನ್ನಮ್ಮನಿಗೆ ಹೇಗೆ ಹೇಳುವುದೆಂದು ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಅವಳು ಹಿತ್ತಲ ಬೇಲಿಯ ಬಳಿ ಸೀಮೆಬದನೆಯ ಒಂದು ಮೊಳಕೆ ನೆಟ್ಟು ಕೈ ತೊಳೆಯುತ್ತಿದ್ದಳು.

"ಡಾಕ್ಟ್ರು ನನ್ನ ನೋಡಿ ಬೆಚ್ಚಿಬಿದ್ರು ಕಣೆ. ಇಂಥ ದೇಹ ವಿಲಾಯ್ತಿಯಲ್ಲೂ ಇಲ್ಲವಂತೆ" ಎಂದೆ.

"ಎಷ್ಟು ದಿನ ಇದೆ?" ಎಂದಳು ಅವಳು.

ಅವಳ ಜೊತೆ ಇದೇ ಕಷ್ಟ. ನಾನು ಒಂದು ಗುಡ್ಡ ಮಾತಾಡಿದರೆ ಅವಳು ಅದರೊಳಗಿನ ಹರಳನ್ನು ನೇರವಾಗಿ ಎತ್ತಿಕೊಳ್ಳುತ್ತಾಳೆ.

"ಕಕ್ಕಡದವರೆಗೆ."

ಅವಳು ಮೊಳಕೆಯ ಬುಡದ ಮಣ್ಣನ್ನು ಕಾಲಿನಿಂದ ಒತ್ತಿದಳು. "ಅಮ್ಮತ್ತಿಯಲ್ಲಿ ಅವರೆ ಹಾಕ್ದೆ, ಹೂ ಬಿಡೋ ಹೊತ್ಗೆ ಗಂಟು ಕಟ್ಟಿದ್ವಿ. ಶ್ರೀಮಂಗಲದಲ್ಲಿ ಕುಂಬಳ, ಅದು ಯಾರ ಬಾಯಿಗೆ ಹೋಯ್ತೋ. ಆಮೇಲೆ ಆ ಹೊಳೆ ದಡದ ತೋಟ, ಅಲ್ಲೂ ಅಷ್ಟೇ. ನಂಗೆ ಸಾಕಾಗ್ಹೋಗಿದೆ ಕಣ್ರೀ. ಈ ಬಳ್ಳಿ ಕಾಯನ್ನ ನಾನು ನನ್ನ ಒಲೆ ಮೇಲೇ ಬೇಯಿಸ್ಬೇಕು." ಅಳಲಿಲ್ಲ, ಬೈಯಲಿಲ್ಲ. ಕೊಡ ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸುದ್ದಿ ಲೈನಿಗೆಲ್ಲ ಹಬ್ಬಿತು. ದಪ್ಪಗಾಗುವ ವಿದ್ಯೆ ಗೊತ್ತಿಲ್ಲದವರು ನಮ್ಮ ಎಸ್ಟೇಟಿನಲ್ಲಿ ಒಬ್ಬರೂ ಇರಲಿಲ್ಲ. ವಿಚಿತ್ರವೆಂದರೆ ಅವರಲ್ಲಿ ಒಬ್ಬರೂ ದಪ್ಪಗಿರಲಿಲ್ಲ. ಮುದುಕಿ ಜವರಿ, "ಬರೀ ಹೊಟ್ಟೆಗೆ ಒಂದು ಲೋಟ ಎಳ್ಳೆಣ್ಣೆ ಕುಡೀರಿ ಅಯ್ಯ" ಎಂದಳು. ಮಲ್ಲ ಹಂದಿ ಕೊಬ್ಬೇ ಮದ್ದು ಎಂದು ಆಣೆ ಹಾಕಿದ. ದೊರೆಯ ಬಂಗಲೆಯ ಬಟ್ಲರ್ ಚಿನ್ನ ಮಾತ್ರ ಗುಟ್ಟಾಗಿ, "ರೈಟ್ರೇ, ಬಿಳಿ ಜನ ಬೆಣ್ಣೆ ತಿಂದೇ ಹಂಗಿರೋದು" ಎಂದು ಕಿವಿಯಲ್ಲಿ ಊದಿದ.

ನಾನು ಎಲ್ಲವನ್ನೂ ಮಾಡಿದೆ. ಎಲ್ಲವನ್ನೂ ಒಟ್ಟಿಗೇ ಮಾಡಿದೆ. ಬೆಳಿಗ್ಗೆ ಎಣ್ಣೆ, ಮಧ್ಯಾಹ್ನ ಕೊಬ್ಬು, ಸಂಜೆ ಬೆಣ್ಣೆ. ಮೊದಲ ವಾರದಲ್ಲಿ ನಾನು ತಿಂದ ಅನ್ನವನ್ನು ಒಂದೆಡೆ ಸುರಿದಿದ್ದರೆ ಕೋಟೆಬೆಟ್ಟದ ಪಕ್ಕ ಇನ್ನೊಂದು ಬೆಟ್ಟ ಎದ್ದಿರುತ್ತಿತ್ತು. ಎರಡನೆಯ ವಾರ ನಾನು ಹಿತ್ತಲಿಗೂ ಮನೆಗೂ ಓಡಾಡಿದ ದೂರವನ್ನು ನೇರವಾಗಿ ನಡೆದಿದ್ದರೆ ಮೈಸೂರು ಮುಟ್ಟುತ್ತಿದ್ದೆ. ಮಲ್ಲ ಮತ್ತೆ ತೂಗಿದ. ಎಂಬತ್ತೆರಡು.

"ತಿಂದಿದ್ದೆಲ್ಲ ಯಾರಿಗೆ ಕೊಟ್ರಿ ರೈಟ್ರಯ್ಯ?" ಎಂದ ಮಲ್ಲ. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಒಂದಿಷ್ಟು ಉಸಿರು ಬೇಕು; ಅದೂ ಇರಲಿಲ್ಲ.

ಅವತ್ತು ಹೊನ್ನಮ್ಮ ಎಣ್ಣೆಯ ಕುಡಿಕೆಯನ್ನು ಎತ್ತಿ ದೀಪದ ಬಳಿ ಇಟ್ಟಳು. "ಇದು ದೀಪಕ್ಕೆ" ಎಂದಳು. ಕೊಬ್ಬಿನ ಗಡಿಗೆಯನ್ನು ಮಲ್ಲನ ಮನೆಗೆ ವಾಪಸು ಕಳಿಸಿದಳು. ಆಮೇಲೆ ನನ್ನ ಎದುರು ಕೂತಳು.

"ನರ್ಸರಿಯಲ್ಲಿ ಸಸಿಗೆ ಗೊಬ್ಬರ ಹೆಂಗೆ ಹಾಕಿಸ್ತೀರ?"

"ಚಿಟಿಕೆ ಚಿಟಿಕೆ. ಜಾಸ್ತಿಯಾದ್ರೆ ಬೇರು ಸುಟ್ಟುಹೋಗುತ್ತೆ" ಎಂದೆ.

"ಮತ್ತೆ ನಿಮ್ಮ ಹೊಟ್ಟೆ ಏನು, ತಿಪ್ಪೆಗುಂಡೀನಾ?"

ಅಂದಿನಿಂದ ನಾನು ಅವಳ ನರ್ಸರಿಯ ಸಸಿಯಾದೆ. ಅವಳು ಮೊದಲು ಮಾಡಿದ ಕೆಲಸ ನನ್ನ ಕಾಫಿಗೆ ಕತ್ತರಿ ಹಾಕಿದ್ದು. ನಾನು ಬೆಲ್ಲದ ಕಾಫಿಯ ರಾಕ್ಷಸ. ಎದ್ದರೆ ಕಾಫಿ, ಹೊರಟರೆ ಕಾಫಿ, ಗುಡ್ಡದ ಮೇಲೆ ಕಾಫಿ, ಊಟಕ್ಕೆ ಕೂರುವ ಮೊದಲು ಒಂದು ಚೊಂಬು ಕಾಫಿ. ನಮ್ಮ ಎಸ್ಟೇಟಿನ ಫಸಲಿನಲ್ಲಿ ಅರ್ಧ ಲಂಡನ್ನಿಗೆ ಹೋದರೆ ಅರ್ಧ ನನ್ನ ಹೊಟ್ಟೆಗೆ ಹೋಗುತ್ತಿತ್ತು. "ಹಸಿವನ್ನೆಲ್ಲ ಆ ಕರೀ ನೀರು ಕೊಂದುಹಾಕ್ತಿದೆ. ಉಂಡು ಆದ್ಮೇಲೆ ಒಂದು ಲೋಟ, ಅಷ್ಟೇ" ಎಂದಳು. ಕಾಫಿ ತೋಟದ ನಡುವೆ ನಿಂತು ಕಾಫಿ ಇಲ್ಲದೆ ಬಾಯಿ ಒಣಗಿಸಿಕೊಂಡವನು ಕೊಡಗಿನ ಚರಿತ್ರೆಯಲ್ಲೇ ನಾನೊಬ್ಬ. ಮೂರು ದಿನ ತಲೆ ಸಿಡಿಯಿತು. ನಾಲ್ಕನೆಯ ದಿನ ಹೊಟ್ಟೆಯೊಳಗೆ ಏನೋ ಗುರ್ರೆಂದಿತು. ಹೆದರಿ ಅವಳನ್ನು ಕರೆದೆ.

"ಅದಕ್ಕೆ ಹಸಿವು ಅಂತಾರೆ" ಎಂದಳು.

ಆಮೇಲೆ ಶುರುವಾಯಿತು ನೋಡಿ ಆ ಹಸಿವಿನ ಜೀತ. ಬೆಳಿಗ್ಗೆ ಹಾಲು ಬೆಲ್ಲ ಹಾಕಿದ ರಾಗಿ ಗಂಜಿ. ಗುಡ್ಡ ಹತ್ತುವ ಮೊದಲು ತುಪ್ಪ ಸವರಿದ ಅಕ್ಕಿರೊಟ್ಟಿ, ಮೊಟ್ಟೆ. ಸೊಂಟದ ಗಂಟಿನಲ್ಲಿ ಹುರಿದ ಹಲಸಿನ ಬೀಜ. ಹನ್ನೊಂದರ ಹೊತ್ತಿಗೆ ಅದು ಮುಗಿದಿರಬೇಕು. ಮಧ್ಯಾಹ್ನ ಅನ್ನ, ಹುರುಳಿ ಸಾರು. ಸಂಜೆ ಬಾಳೆಹಣ್ಣು. ರಾತ್ರಿ ಬೇಗ ಊಟ, ಬೇಗ ನಿದ್ದೆ. ಯಾವುದೂ ಹೊಟ್ಟೆ ಬಿರಿಯುವಷ್ಟಲ್ಲ. ಆದರೆ ಒಂದು ಕರಗುವ ಮೊದಲೇ ಇನ್ನೊಂದು ಬಂದು ಬಾಗಿಲು ತಟ್ಟುತ್ತಿತ್ತು. ಬಂಗಲೆಯ ತೋಟದಲ್ಲಿ ಹಳೆಯ ದೊರೆ ನೆಟ್ಟಿದ್ದ ಬೆಣ್ಣೆಹಣ್ಣಿನ ಮರವಿತ್ತು. ಹೊಸ ದೊರೆ ಅದನ್ನು ಮುಟ್ಟುತ್ತಿರಲಿಲ್ಲ. ಚಿನ್ನ ಬಿದ್ದ ಹಣ್ಣುಗಳನ್ನು ತಂದು ಹೊನ್ನಮ್ಮನಿಗೆ ಕೊಡುತ್ತಿದ್ದ, ಅವಳು ಬದಲಿಗೆ ಅವನಿಗೆ ಏನಾದರೂ ಮಾಡಿಕೊಡುತ್ತಿದ್ದಳು. ಸೋಪಿನಂಥ ಆ ಹಣ್ಣನ್ನು ಬೆಲ್ಲದ ಜೊತೆ ಕಲಸಿ ನನ್ನ ಮುಂದಿಟ್ಟು, ನಾನು ನುಂಗುವವರೆಗೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು.

"ತಿಂದಿದ್ದು ಬರೀ ಹೊಟ್ಟೆಯಲ್ಲಿ ನಿಂತ್ರೆ ಬೀಗರೂಟಕ್ಕೆ ಬಂದವರ ಹಂಗೆ ಕಾಣ್ತೀರ. ಭುಜಕ್ಕೆ ಹತ್ಬೇಕು" ಎಂದು ಹೊಳೆಯಿಂದ ನೀರು ತರುವ ಕೆಲಸವನ್ನೂ ನನಗೇ ಹಚ್ಚಿದಳು. ಮೊದಲು ಅರ್ಧ ಕೊಡ, ಆಮೇಲೆ ತುಂಬಿದ್ದು. ಎರಡು ಕೈಯಲ್ಲಿ ಎರಡು ಹೊಳೆಯನ್ನೇ ಎತ್ತಿಕೊಂಡು ಬರುತ್ತಿದ್ದೆ ಎಂದು ನಾನು ಲೈನಿನಲ್ಲಿ ಹೇಳುತ್ತಿದ್ದುದು ನಿಜ. ದಾರಿಯಲ್ಲಿ ಕೊಡ ಇಳಿಸಿ ಕಲ್ಲಿನ ಮೇಲೆ ಕೂತು ಕಣ್ಣು ಮುಚ್ಚುತ್ತಿದ್ದುದೂ ನಿಜ.

ಮಳೆ ಹಿಡಿಯಿತು. ಕಂಬಳಿ ಹೊದ್ದು ಗುಡ್ಡದ ಮೇಲೆ ನಿಂತರೆ ಸಂಜೆಯ ಹೊತ್ತಿಗೆ ಕಂಬಳಿಯೇ ನನಗಿಂತ ಭಾರವಾಗುತ್ತಿತ್ತು. ಇಳಿದು ಬಂದರೆ ತಟ್ಟೆ ಕಾದಿರುತ್ತಿತ್ತು. ಜನ ಹಸಿವಿನಿಂದ ಬಳಲುವುದನ್ನು ನೋಡಿದ್ದೇನೆ. ಊಟದಿಂದ ಬಳಲಿದವನು ನಾನೇ ಇರಬೇಕು. ದವಡೆ ನೋಯುತ್ತಿತ್ತು. ಕನಸಿನಲ್ಲೂ ಅಗಿಯುತ್ತಿದ್ದೆ.

"ಇವತ್ತೊಂದಿನ ಬಿಟ್ಬಿಡೇ ಹೊನ್ನಿ" ಎಂದು ಒಮ್ಮೆ ಬೇಡಿದೆ.

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಬೇಲಿಯ ಮೇಲೆ ಸೀಮೆಬದನೆ ಬಳ್ಳಿ ಮೊಣಕೈ ಎತ್ತರ ಹಬ್ಬಿತ್ತು. ನಾನು ತಟ್ಟೆ ಎಳೆದುಕೊಂಡೆ. ಅವಳೂ ನನ್ನಷ್ಟೇ ದಣಿದಿದ್ದಳು. ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅವಳು, ಹಸಿ ಸೌದೆ ಊದಿ ಊದಿ ಕಣ್ಣು ಕೆಂಪಾಗಿಸಿಕೊಂಡವಳು ಅವಳು. ಆದರೆ ತೂಕ ನೋಡುವುದು ನನ್ನದನ್ನು ಮಾತ್ರ.

ಪ್ರತಿ ಭಾನುವಾರ ಮಲ್ಲ ತೂಗುತ್ತಿದ್ದ. ಎಂಬತ್ತೇಳು. ತೊಂಬತ್ತು. ತೊಂಬತ್ತು. ಒಂದು ವಾರ ತೊಂಬತ್ತೂ ಇಲ್ಲ, ನೆಗಡಿಯಾಗಿತ್ತು. ಆಮೇಲೆ ಮತ್ತೆ ಏರಿತು. ಕಕ್ಕಡ ಹುಟ್ಟಿತು. ಕಳಲೆ, ಅಣಬೆ, ಹೊಳೆಯ ಏಡಿ, ಎಲ್ಲ ಒಲೆಗೆ ಬಂದವು. ಗದ್ದೆ ಕೆಲಸದಲ್ಲಿ ಸೋತ ಮೈಗೆ ಕಸುವು ತುಂಬುವ ತಿಂಗಳು ಅದು, ನನ್ನಂಥವನಿಗೆ ಹೇಳಿ ಮಾಡಿಸಿದ್ದು. ಕಕ್ಕಡ ಹದಿನೆಂಟರ ಬೆಳಿಗ್ಗೆ ತಕ್ಕಡಿಯಲ್ಲಿ ಕೂತರೆ ತೊಂಬತ್ತೊಂಬತ್ತು. ಡಾಕ್ಟರು ಮರುದಿನ ಬರುವವರಿದ್ದರು.

"ಒಂದು ರಾತಲು ರೈಟ್ರಯ್ಯ" ಎಂದ ಮಲ್ಲ. ಮೊದಲ ಸಲ ಅವನ ದನಿಯಲ್ಲಿ ಕೀಟಲೆ ಇರಲಿಲ್ಲ. "ಇವತ್ತು ಮದ್ದುಸೊಪ್ಪಿನ ದಿನ. ಗಟ್ಟಿಯಾಗಿ ಉಣ್ಣಿ."

ಕೊಡಗಿನವರಿಗೆ ಹೇಳಬೇಕಾಗಿಲ್ಲ. ಕಕ್ಕಡ ಹದಿನೆಂಟಕ್ಕೆ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಬಂದು ಕೂರುತ್ತದೆ. ಅದನ್ನು ಕುದಿಸಿದರೆ ನೇರಳೆ ಬಣ್ಣದ ರಸ, ಆ ರಸದಲ್ಲಿ ಪಾಯಸ. ಇಡೀ ಲೈನು ಆ ದಿನ ಒಂದೇ ಪರಿಮಳ. ಮರುದಿನ ಬೆಳಿಗ್ಗೆ ಎಲ್ಲರೂ ಬೇಲಿಯ ಮರೆಗೆ ಹೋಗಿ ನೋಡಿಕೊಂಡು, ನೀರು ಕೆಂಪಗೆ ಹೋದರೆ ಮದ್ದು ಮೈಗೆ ಹಿಡಿಯಿತು ಎಂದು ಖುಷಿಪಡುತ್ತಾರೆ. ಹುಟ್ಟಿದಾಗಿನಿಂದ ನೋಡಿದ್ದು. ಆಕಾಶ ನೀಲಿ ಎಂದು ಯಾರು ಯಾರಿಗೆ ಹೇಳುತ್ತಾರೆ?

ಹೊನ್ನಮ್ಮ ದೊಡ್ಡ ಪಾತ್ರೆಯಲ್ಲಿ ಪಾಯಸ ಮಾಡಿದಳು. ಚಿನ್ನ ಬೆಣ್ಣೆಹಣ್ಣು ತಂದವನು ಒಂದು ಕಂಚಿನ ಬಟ್ಟಲು ತುಂಬ ಹಾಕಿಸಿಕೊಂಡು ಹೋದ. ಉಳಿದದ್ದಕ್ಕೆ ನಾನು ಕೂತೆ.

"ಸಾಕು" ಎಂದಳು ಹೊನ್ನಮ್ಮ. ಮೂರು ತಿಂಗಳಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು.

"ಒಂದು ರಾತಲು ಕಣೆ" ಎಂದೆ. ಪಾತ್ರೆಯ ತಳ ಕೆರೆದೆ. ನನ್ನ ಹಲ್ಲು, ನಾಲಿಗೆ, ಮೀಸೆ, ಎಲ್ಲ ನೇರಳೆಯಾಯಿತು. ಬೆವರು ಕೂಡ ನೇರಳೆಯಾಗಿ ಅಂಗಿಗೆ ಹತ್ತಿತು.

ಮರುದಿನ ಬೆಳಿಗ್ಗೆಯೇ ಪರೀಕ್ಷೆ, ಬಂಗಲೆಯ ಜಗಲಿಯಲ್ಲಿ. ತಕ್ಕಡಿಯನ್ನು ಅಲ್ಲಿಗೇ ಹೊತ್ತು ತಂದಿದ್ದರು. ಮಲ್ಲ ಒಂದೊಂದೇ ಕಲ್ಲು ಇಟ್ಟ. ಕೊನೆಯ ಕಲ್ಲು ಇಟ್ಟು ಕೈ ಬಿಟ್ಟಾಗ ನನ್ನ ತಟ್ಟೆ ಮೆಲ್ಲಗೆ, ಮುದುಕಿ ಕೂರುವ ಹಾಗೆ, ಕೆಳಗೆ ಕೂತಿತು.

"ನೂರು, ಮೇಲೆ ಚೂರು!" ಎಂದು ಕೂಗಿದ.

ಡಾಕ್ಟರು ನನ್ನ ತೋಳು ಹಿಸುಕಿ ನೋಡಿದರು, ರೆಪ್ಪೆ ಎತ್ತಿ ನೋಡಿದರು. "ಆಶ್ಚರ್ಯ! ಇದು ಬರಿಯ ಹೊಟ್ಟೆಯಲ್ಲ, ಮಾಂಸವೂ ಕೂಡಿದೆ. ಹೇಗೆ ಸಾಧಿಸಿದಿರಿ?" ಎಂದರು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ದಿನಕ್ಕೊಂದು ಕೋಣ ಸ್ವಾಮಿ" ಎಂದೆ. "ಕೊಂಬು ಮಾತ್ರ ಬಿಡ್ತಿದ್ದೆ."

ಡಾಕ್ಟರ ಮುಖದ ಸಂತೋಷ ಇಳಿಯಿತು. "ಇರಲಿ" ಎಂದು ಒಂದು ಗಾಜಿನ ಶೀಶೆ ಕೈಗೆ ಕೊಟ್ಟರು. "ಇದರಲ್ಲಿ ಮೂತ್ರ ತನ್ನಿರಿ. ಈ ಬಾರಿ ಇದನ್ನೂ ನೋಡುವ ಕ್ರಮವಿದೆ." ಸಾಲಿನಲ್ಲಿ ಮೊದಲನೆಯವನು ನಾನೇ.

ನಾನು ತಂದುಕೊಟ್ಟೆ. ಡಾಕ್ಟರು ಬೆಳಕಿಗೆ ಹಿಡಿದರು. ಶೀಶೆಯೊಳಗೆ ದಾಸವಾಳದ ಹೂ ಹಿಂಡಿದ ಹಾಗಿತ್ತು.

"ರಕ್ತ!" ಎಂದರು. "ಚಳಿಜ್ವರ ಒಳಗೇ ಉಳಿದು ಮೂತ್ರಪಿಂಡಕ್ಕೆ ಇಳಿದಿದೆ. ಮಲಗಿರಿ, ಅಲುಗಾಡಬೇಡಿರಿ! ಇವರನ್ನು ಈಗಲೇ ಗಾಡಿಯಲ್ಲಿ ಮಡಿಕೇರಿಗೆ ಕಳುಹಿಸಬೇಕು. ಬದುಕಿದರೂ ಇನ್ನು ಮೇಲೆ ಕೆಲಸಕ್ಕೆ ಆಗದು. ಅನ್‌ಫಿಟ್."

"ಸ್ವಾಮಿ, ಅದು ಸೊಪ್ಪು" ಎಂದೆ.

"ಯಾವ ಸೊಪ್ಪು?"

"ಮದ್ದುಸೊಪ್ಪು. ನಿನ್ನೆ ಪಾಯಸ ತಿಂದೆ. ಅದನ್ನ ತಿಂದ್ರೆ ಎಲ್ಲರಿಗೂ ಕೆಂಪಗೇ ಹೋಗೋದು. ಹದಿನೆಂಟು ಮದ್ದು..."

"ದಿನಕ್ಕೊಂದು ಕೋಣ, ಹಣೆಯ ಮೇಲೆ ರೊಟ್ಟಿ, ಈಗ ಕೆಂಪು ಸೊಪ್ಪೋ?"

"ನಾನು ನಿಜ ಹೇಳೋ ದಿನ ಹೇಳಿ ಕಳ್ಸಿ ಅಂದಿದ್ರಲ್ಲ ಸ್ವಾಮಿ, ಇವತ್ತೇ ಆ ದಿನ!"

ಮಲ್ಲ ಮುಂದೆ ಬಂದು, "ಹೌದು ಸ್ವಾಮಿ, ನಂದೂ ಕೆಂಪೇ" ಎಂದ. ಜವರಿ, "ನಂದೂ" ಎಂದಳು. ಇಡೀ ಸಾಲು "ನಂದೂ, ನಂದೂ" ಎಂದಿತು. ಡಾಕ್ಟರು ನಿಟ್ಟುಸಿರು ಬಿಟ್ಟರು. "ಹಾಜರಿ ಬರೆಯುವ ರೈಟರು ಕಲಿಸಿದ್ದನ್ನು ನೀವು ಹೇಳುತ್ತೀರಿ. ಪಾಪ, ನಿಮ್ಮ ತಪ್ಪಲ್ಲ" ಎಂದರು. ಉಳಿದವರ ಶೀಶೆ ಆಮೇಲೆ ಎಂದು ಪಕ್ಕಕ್ಕಿಟ್ಟು, ನನ್ನನ್ನು ಬೆಂಚಿನ ಮೇಲೆ ಮಲಗಿಸಿ ಕತ್ತಿನವರೆಗೆ ಕಂಬಳಿ ಹೊದಿಸಿದರು. ಗಾಡಿಗೆ ಹೇಳಿ ಕಳಿಸಿದರು.

ಹೊನ್ನಮ್ಮ ಜಗಲಿಯ ಕೆಳಗೆ ಮಳೆಯಲ್ಲಿ ನಿಂತಿದ್ದಳು. ನಾನು ತಲೆ ಎತ್ತಿ ಬಾಯಿ ತೆರೆದೆ.

"ನೀವು ಮಾತಾಡ್ಬ್ಯಾಡಿ" ಎಂದಳು. "ಮಾತಾಡಿದ್ದು ಸಾಕು." ಹಾಗೆಂದು ಲೈನಿನ ಕಡೆಗೆ ತಿರುಗಿ ನಡೆದಳು. ಗಂಟು ಕಟ್ಟುವುದಕ್ಕೆ ಎಂದು ನನಗೆ ಗೊತ್ತಾಯಿತು. ಆ ನಡಿಗೆಯನ್ನು ಮೂರು ಎಸ್ಟೇಟುಗಳಲ್ಲಿ ನೋಡಿದ್ದೆ.

ಮಲಗಿದೆ. ನನ್ನ ಆಯುಷ್ಯದಲ್ಲಿ ಹೇಳಿದ ಸಾವಿರಾರು ಸುಳ್ಳುಗಳನ್ನು ಜನ ಬಾಯಿ ಚಪ್ಪರಿಸಿ ನಂಬಿದ್ದರು. ಇದ್ದ ಒಂದು ನಿಜ ಯಾರಿಗೂ ಬೇಡವಾಗಿತ್ತು. ಮೈಯೆಲ್ಲ ಸೋತು ಬಂತು. ಮೂರು ತಿಂಗಳು ಅಗಿದದ್ದು, ಹೊತ್ತದ್ದು, ಹತ್ತಿದ್ದು, ಎಲ್ಲ ಒಟ್ಟಿಗೆ ಬಂದು ಎದೆಯ ಮೇಲೆ ಕೂತ ಹಾಗಾಯಿತು. ನೂರು ರಾತಲು ಎಷ್ಟು ಭಾರ ಎನ್ನುವುದು ಆಗ ತಿಳಿಯಿತು.

ಅಷ್ಟರಲ್ಲಿ ಬಂಗಲೆಯ ಒಳಗಿನಿಂದ ದೊಡ್ಡ ಕೂಗು ಕೇಳಿತು. "ಡಾಕ್ಟರ್! ಡಾಕ್ಟರ್!"

ದೊರೆ ರಾತ್ರಿಯ ಉಡುಪಿನಲ್ಲೇ ಬಾಗಿಲಿಗೆ ಬಂದರು. ಮುಖ ಸುಣ್ಣ ಬಳಿದ ಗೋಡೆಯಾಗಿತ್ತು. ಆಗಷ್ಟೇ ಎದ್ದು ಬಚ್ಚಲಿಗೆ ಹೋಗಿ ಬಂದವರು. "ಡಾಕ್ಟರ್, ನಾನು ಸಾಯ್ತದೆ" ಎಂದರು, ನಮ್ಮ ಭಾಷೆಯಲ್ಲೇ. ಹೆದರಿಕೆಗೆ ಅವರ ಇಂಗ್ಲಿಷೇ ಬಿದ್ದುಹೋಗಿತ್ತು. "ಸಿಲೋನ್ ಜ್ವರ ಬಂದ್ತು. ರೆಡ್! ಪೂರಾ ರೆಡ್!"

ಡಾಕ್ಟರು ಶೀಶೆ ಹಿಡಿದು ಒಳಗೋಡಿದರು. ಹೊರಗೆ ಬಂದಾಗ ಅವರ ಮುಖವೂ ಸುಣ್ಣ. ಎರಡು ಶೀಶೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇಟ್ಟರು. ಯಾವುದು ದೊರೆಯದು, ಯಾವುದು ರೈಟರದು ಎಂದು ಬ್ರಹ್ಮನೂ ಹೇಳುವಂತಿರಲಿಲ್ಲ.

"ದೊರೆಗಳು ನಿನ್ನೆ ಏನು ಭುಜಿಸಿದರು?" ಎಂದು ಡಾಕ್ಟರು ಬಟ್ಲರ್ ಚಿನ್ನನನ್ನು ಕೇಳಿದರು.

ಚಿನ್ನ ಕಂಬಕ್ಕೆ ಅಂಟಿಕೊಂಡಿದ್ದ. "ಸೂಪು ಸ್ವಾಮಿ. ಕೋಳಿ. ಆಮೇಲೆ... ವಿಲಾಯ್ತಿ ಡಬ್ಬಿ ಪುಡ್ಡಿಂಗು."

"ಬೇರೆ ಏನೂ ಇಲ್ಲವೇ?"

"ತಾಯಾಣೆ ಇಲ್ಲ."

ಆಗ ಮೆಟ್ಟಿಲ ಬಳಿ ಪಾತ್ರೆಗಳ ಸದ್ದಾಯಿತು. ಹೊನ್ನಮ್ಮ ತಲೆಯ ಮೇಲೆ ಗಂಟು ಹೊತ್ತು ನಿಂತಿದ್ದಳು. ದೊರೆಯನ್ನು ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ.

"ಚಿನ್ನಣ್ಣ, ನನ್ನ ಬಟ್ಟಲು ಕೊಡು" ಎಂದಳು. "ಪಾತ್ರೆ ಕಟ್ಟುವಾಗ ಅದೊಂದು ಸಿಕ್ಕಿಲ್ಲ. ಹೋಗೋ ಮನೆಯಲ್ಲಿ ಬೇಕಾಗ್ತದೆ."

"ಯಾವ ಬಟ್ಲು ಹೊನ್ನಕ್ಕ, ಆಮೇಲೆ ಬಾ..." ಚಿನ್ನ ಕಣ್ಣಲ್ಲೇ ಕೈ ಮುಗಿದ.

"ನಿನ್ನೆ ಪಾಯಸ ಹಾಕ್ಕೊಟ್ಟಿದ್ನಲ್ಲ. ಕಂಚಿಂದು. ನಮ್ಮವ್ವ ಕೊಟ್ಟಿದ್ದು. ಮೂರೂರು ಅದನ್ನ ಕಳ್ಕೊಳ್ದೆ ತಿರ್ಗಿದ್ದೀನಿ. ಇಲ್ಲಿ ಬಿಟ್ಟು ಹೋಗಲ್ಲ."

ಡಾಕ್ಟರು ಅಡುಗೆಮನೆಗೆ ತಾವೇ ಹೋಗಿ ಬಟ್ಟಲನ್ನು ಹಿಡಿದುಕೊಂಡು ಬಂದರು. ತಳದಲ್ಲಿ ಒಣಗಿದ ನೇರಳೆ ಪಾಯಸ. ಅದನ್ನು ಒಂದು ಸಲ, ಶೀಶೆಗಳನ್ನು ಒಂದು ಸಲ, ದೊರೆಯ ಮೀಸೆಯ ತುದಿಯಲ್ಲಿದ್ದ ನೇರಳೆ ಕಲೆಯನ್ನು ಒಂದು ಸಲ ನೋಡಿದರು. ಚಿನ್ನ ಕುಸಿದು ಕೂತು ಅತ್ತೇಬಿಟ್ಟ. ಪುಡ್ಡಿಂಗು ಸೀದುಹೋಗಿತ್ತಂತೆ, ಬೈಗುಳಕ್ಕೆ ಹೆದರಿ ಪಾಯಸವನ್ನೇ ಪಿಂಗಾಣಿ ತಟ್ಟೆಗೆ ಸುರಿದು ಬಡಿಸಿದನಂತೆ. ದೊರೆ ಎರಡು ಸಲ ಹಾಕಿಸಿಕೊಂಡರಂತೆ.

ಡಾಕ್ಟರು ಸುಲಭಕ್ಕೆ ಸೋಲುವವರಲ್ಲ. "ನಾಳೆ ನೋಡೋಣ. ಕೆಂಪು ಹೋಗದಿದ್ದರೆ ಇಬ್ಬರೂ ಅನ್‌ಫಿಟ್" ಎಂದರು.

"ಇಬ್ಬರೂ?" ಎಂದರು ದೊರೆ.

"ಇಬ್ಬರೂ" ಎಂದೆ ನಾನು ಕಂಬಳಿಯೊಳಗಿನಿಂದ.

ಆ ದಿನ ಬಂಗಲೆಯ ಜಗಲಿಯಲ್ಲಿ ನಾನೂ ದೊರೆಯೂ ಎರಡು ಒರಗು ಕುರ್ಚಿಗಳಲ್ಲಿ ಅಕ್ಕಪಕ್ಕ ಮಲಗಿ ಮಳೆ ನೋಡಿದೆವು. ಇಬ್ಬರಿಗೂ ಒಂದೇ ಗಂಜಿ. ನಮ್ಮಿಬ್ಬರ ನಡುವೆ ಎಂಥೆಂಥ ಮಾತುಕತೆ ನಡೆಯಿತು, ದೊರೆ ನನ್ನ ಸಲಹೆ ಕೇಳಿ ಸಾಮ್ರಾಜ್ಯದಲ್ಲಿ ಏನೇನು ತಿದ್ದಿಕೊಂಡರು ಎಂದು ನಾನು ಬೇರೆ ಕಡೆ ಬಹಳ ಹೇಳಿದ್ದೇನೆ. ನಡೆದದ್ದು ಇಷ್ಟು: ಇಬ್ಬರೂ ನಿದ್ದೆ ಮಾಡಿದೆವು. ಹೊನ್ನಮ್ಮ ಗಂಟಿಗೆ ಒರಗಿ ಮೆಟ್ಟಿಲ ಮೇಲೆ ಕೂತಿದ್ದಳು. ಬಿಚ್ಚಲೂ ಇಲ್ಲ, ಎತ್ತಲೂ ಇಲ್ಲ.

ಮರುದಿನ ಬೆಳಿಗ್ಗೆ ಎರಡು ಶೀಶೆಗಳೂ ಸಾದಾ ನೀರಿನ ಬಣ್ಣಕ್ಕೆ ಬಂದಿದ್ದವು. ಡಾಕ್ಟರು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಫಿಟ್" ಎಂದರು. ಹೋಗುವಾಗ ಹೊನ್ನಮ್ಮನ ಬಳಿ ನಿಂತು, ಆ ಸೊಪ್ಪಿನ ಒಂದು ಕಡ್ಡಿ ಸಿಗಬಹುದೇ ಎಂದು ಮೆಲ್ಲಗೆ ಕೇಳಿದರು.

"ಬೊಳ್ಳಪ್ಪ ಫಿಟ್?" ಎಂದರು ದೊರೆ. "ಗುಡ್. ನಾಳೆಯಿಂದ ಮೇಲಿನ ಡಿವಿಷನ್. ಮರ ಕಪಾತು ಶುರು ಮಾಡ್ತದೆ."

ಕಪಾತು ಎಂದರೆ ನೆರಳಿನ ಮರಗಳ ಕೊಂಬೆ ಕಡಿಸುವುದು; ಮೇಲಿನ ಡಿವಿಷನ್ ಎಂದರೆ ಎ‌ಸ್ಟೇಟಿನ ಕಡಿದಾದ ಗುಡ್ಡ, ಜಿಗಣೆಗಳ ತವರುಮನೆ. ಅಲ್ಲಿಗೆ ಕಳಿಸಲು ಅವರಿಗೆ ಇಷ್ಟು ದಿನ ಬಲವಾದ ರೈಟರೇ ಸಿಕ್ಕಿರಲಿಲ್ಲವಂತೆ.

ಗಂಟನ್ನು ನಾನೇ ಹೊತ್ತು ಮನೆಗೆ ಬಂದೆ. ಹೊನ್ನಮ್ಮ ಬಟ್ಟಲನ್ನು ಸೆರಗಿನಲ್ಲಿ ಹಿಡಿದು ಹಿಂದೆ ಬಂದಳು. ಹೊರಡುವುದಕ್ಕೆಂದು ಅವಳ ಕಾಲಿನಲ್ಲಿ ಕಟ್ಟಿಕೊಂಡಿದ್ದ ಸಿಟ್ಟು, ಉಳಿದೆವು ಎಂಬ ಸುಸ್ತಾಗಿ ದಾರಿಯುದ್ದಕ್ಕೂ ಬಿಚ್ಚಿಕೊಳ್ಳುತ್ತಿತ್ತು. ಒಂದೊಂದೇ ಪಾತ್ರೆಯನ್ನು ಅದರದರ ಜಾಗದಲ್ಲಿ ಇಟ್ಟಳು. ಒಲೆ ಹಚ್ಚಿದಳು. ಸೌದೆ ಹಸಿ, ಹೊಗೆ ಬಂತು.

ಬಳ್ಳಿ ಬೇಲಿ ದಾಟಿ ಮನೆಯ ಮಾಡಿಗೆ ಹತ್ತಿ ಕಾಯಿ ಬಿಡುವ ಹೊತ್ತಿಗೆ ಮಳೆಗಾಲ ಕಳೆದಿತ್ತು. ಅವಳು ಮೊದಲ ಕಾಯನ್ನು ಕಿತ್ತು, ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದಳು. ಅವತ್ತು ಸೀಮೆಬದನೆ ಪಲ್ಯ. ನನಗೆ ಹುಟ್ಟಿದಾಗಿನಿಂದ ಸೇರದ ತರಕಾರಿ ಅದು. ಗುಡ್ಡ ಇಳಿದು ಬಂದ ಕಾಲು ನೋಯುತ್ತಿತ್ತು, ದವಡೆ ಇನ್ನೂ ನೋಯುತ್ತಿತ್ತು. ಕಂಚಿನ ಬಟ್ಟಲಿನಲ್ಲಿ ಹಾಕಿ ನನ್ನ ಮುಂದಿಟ್ಟು ಅವಳು ಗೋಡೆಗೆ ಒರಗಿ ಕಾಲು ಚಾಚಿದಳು.

"ಹೆಂಗಿದೆ?" ಎಂದಳು.

"ಚೆನ್ನಾಗಿದೆ" ಎಂದೆ. "ಇನ್ನೊಂಚೂರು ಹಾಕು."

ಎಷ್ಟು ತಿಂದೆ ಎಂದು ಹೇಳಿದರೆ ನೀವು ನಂಬುವುದಿಲ್ಲ. ಅದಕ್ಕೇ ಹೇಳುವುದಿಲ್ಲ.